ಬೇವಿನ ಎಣ್ಣೆ ನೀರಿನಲ್ಲಿ ಬೆರೆಯಬೇಕಾದರೆ: ಸೋಪು, ನೀರು ಮತ್ತು ಹಾಕುವ ಕ್ರಮ

ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ ಹಾಕಿದಿರಿ. ಎರಡು ಹನಿ ಸೋಪು ಬಿಟ್ಟು ಜೋರಾಗಿ ಕುಲುಕಿದಿರಿ. ನೀರು ಬೆಳ್ಳಗಾಯಿತು. ಸರಿ ಹೋಯಿತು ಅಂದುಕೊಂಡು ಹೊಡೆಯಲು ಶುರು ಮಾಡಿದಿರಿ. ಐದನೇ ಗಿಡ ಮುಟ್ಟುವಷ್ಟರಲ್ಲಿ ಎಣ್ಣೆ ಮೇಲೆ ಬಂದು ನಿಂತಿರುತ್ತದೆ. ಸ್ಪ್ರೇಯರ್‌ನ ಕೊಳವೆ ತಳದಿಂದ ಎಳೆಯುತ್ತದೆ, ಅಲ್ವಾ? ಹಾಗಾಗಿ ಮೊದಲ ಗಿಡಗಳಿಗೆ ಬರೀ ಸೋಪುನೀರು, ಕೊನೆಯ ಗಿಡಕ್ಕೆ ಬರೀ ಎಣ್ಣೆ. ಮೂರನೇ ದಿನ ನೋಡಿದರೆ ಮೊದಲ ಗಿಡದಲ್ಲಿ ಹಿಟ್ಟು ತಿಗಣೆ ಹಾಗೇ ಇದೆ, ಕೊನೆಯ ಗಿಡದ ಎಲೆ ಸುಟ್ಟಿದೆ.

ತಾರಸಿ ತೋಟ ಮಾಡುವ ಗೆಳೆಯರಿಂದ ನಾನು ಜಾಸ್ತಿ ಕೇಳುವ ದೂರು ಇದೇ. ಹೆಚ್ಚಿನವರು ಇನ್ನೂ ಜೋರಾಗಿ ಕುಲುಕುತ್ತಾರೆ, ಇಲ್ಲವೇ ಇನ್ನಷ್ಟು ಸೋಪು ಸುರಿಯುತ್ತಾರೆ. ಎರಡೂ ಉಪಯೋಗವಿಲ್ಲ. ಎಣ್ಣೆ ಮತ್ತು ನೀರು ಒಂದನ್ನೊಂದು ಮುಟ್ಟುವ ಗಡಿಯಲ್ಲಿ ಸೋಪು ಹೋಗಿ ಕೂರಬೇಕು. ಅದು ಕೂರಲು ಸರಿಯಾದ ನೀರು ಬೇಕು, ಸರಿಯಾದ ಕ್ರಮ ಬೇಕು. ಕುಲುಕುವುದು ಆಮೇಲಿನ ಕೆಲಸ.

ಶುರು ಮಾಡುವ ಮೊದಲು ನಿಮ್ಮ ಬಾಟಲಿ ನೋಡಿ. ಅದರ ಮೇಲೆ ಅಜಾಡಿರಾಕ್ಟಿನ್ (ಹುಳುಗಳ ಮೇಲೆ ಕೆಲಸ ಮಾಡುವ ಬೇವಿನ ಸತ್ವ) 300, 1500 ಅಥವಾ 10000 ಪಿಪಿಎಂ ಎಂದಿದ್ದು ಪಕ್ಕದಲ್ಲಿ ‘ಇಸಿ’ ಎಂದೂ ಇದ್ದರೆ, ಬೆರೆಸುವ ವಸ್ತು ಅದರೊಳಗೇ ಇದೆ. ಅದಕ್ಕೆ ಮತ್ತೆ ಸೋಪು ಹಾಕಬೇಡಿ, ಲೇಬಲ್ಲಿನಲ್ಲಿರುವ ಪ್ರಮಾಣವನ್ನೇ ಅನುಸರಿಸಿ. ಅನುಮಾನವಿದ್ದರೆ ಒಂದು ಲೋಟ ನೀರಿಗೆ ಒಂದು ಹನಿ ಬಿಡಿ. ತಾನಾಗಿಯೇ ಹಾಲಿನಂತೆ ಹರಡಿದರೆ ಬೆರೆಸುವ ವಸ್ತು ಇದೆ ಎಂದರ್ಥ. ಹನಿ ಹಾಗೇ ತೇಲಿದರೆ ಅದು ಬರೀ ಗಾಣದ ಎಣ್ಣೆ. ಮುಂದೆ ಹೇಳುವುದೆಲ್ಲ ಈ ಗಾಣದ ಎಣ್ಣೆಗೆ.

ಬೇಕಾಗುವ ವಸ್ತುಗಳು

5 ಲೀಟರ್ ಸಿಂಪಡಣೆಗೆ:

- ಬೇವಿನ ಎಣ್ಣೆ 25 ಮಿ.ಲೀ.
- ತುರಿದ ಸಾದಾ ಸೋಪು 10 ಗ್ರಾಂ, ಅಥವಾ 12ರಿಂದ 15 ಅಂಟುವಾಳ ಕಾಯಿ
- ಮಳೆನೀರು ಅಥವಾ ಫಿಲ್ಟರ್ ನೀರು 5 ಲೀಟರ್, ಅದರಲ್ಲಿ 100 ಮಿ.ಲೀ. ಬಿಸಿ ಮಾಡಲು
- ಸೂಜಿ ಇಲ್ಲದ 10 ಮಿ.ಲೀ. ಸಿರಿಂಜ್
- ಕಿರಿದಾದ ಎತ್ತರದ ಪಾತ್ರೆ, ಒಂದು ಹಳೆಯ ಕಡಗೋಲು
- ಒಂದು ಗಾಜಿನ ಲೋಟ, ಹಳೆಯ ಪಂಚೆಯ ತುಂಡು, ಸ್ಪ್ರೇಯರ್

ಸಿರಿಂಜ್ ಬಿಟ್ಟು ಕಣ್ಣಂದಾಜಿನಲ್ಲಿ ಮಾತ್ರ ಎಣ್ಣೆ ಹಾಕಬೇಡಿ. ಮನೆಯ ಚಮಚಗಳು ಒಂದೊಂದು ಒಂದೊಂದು ಅಳತೆ. ಕಡಗೋಲು ಮತ್ತು ಪಾತ್ರೆಯನ್ನು ಈ ಕೆಲಸಕ್ಕೇ ಮೀಸಲಿಡಿ, ಮತ್ತೆ ಅಡುಗೆಮನೆಗೆ ತರಬೇಡಿ. ಬೇವಿನ ಎಣ್ಣೆ ಪುಟ್ಟ ಮಕ್ಕಳ ಹೊಟ್ಟೆಗೆ ಹೋದರೆ ಅಪಾಯ. ಬಾಟಲಿಯನ್ನು ಎತ್ತರದಲ್ಲಿಡಿ.

ಹಂತ 1: ಗಡಿಯನ್ನು ಕಣ್ಣಾರೆ ನೋಡಿ

ಐದು ನಿಮಿಷದ ಕೆಲಸ, ದಯವಿಟ್ಟು ಬಿಡಬೇಡಿ. ಇದನ್ನು ನೋಡಿದವರು ಮುಂದಿನ ಹಂತಗಳಲ್ಲಿ ತಪ್ಪುವುದು ಕಡಿಮೆ.

ಅಗಲವಾದ ಸ್ಟೀಲ್ ತಟ್ಟೆಗೆ ನೀರು ಹಾಕಿ ಅಲುಗದಂತೆ ಬಿಡಿ. ನಡುವೆ ಒಂದು ಹನಿ ಎಣ್ಣೆ ಬಿಡಿ. ಅದು ಮೇಲೆ ತೇಲುತ್ತದೆ. ಈಗ ಒಂದು ಕಡ್ಡಿಯ ತುದಿಯನ್ನು ಸೋಪುನೀರಿಗೆ ಅದ್ದಿ, ಎಣ್ಣೆಯ ಪಕ್ಕದಲ್ಲಿ ನೀರನ್ನು ಮುಟ್ಟಿಸಿ. ಎಣ್ಣೆ ಸರ್ರನೆ ಅಂಚಿಗೆ ಓಡುತ್ತದೆ. ಮತ್ತೆ ಮುಟ್ಟಿಸಿ. ಈ ಸಲ ಅಷ್ಟು ಓಟ ಇಲ್ಲ.

ಏನಾಯಿತು? ನೀರಿನ ಕಣಗಳು ಒಂದನ್ನೊಂದು ಬಲವಾಗಿ ಹಿಡಿದುಕೊಂಡಿರುತ್ತವೆ. ಮೇಲ್ಮೈಯಲ್ಲಿರುವ ಕಣಗಳಿಗೆ ಮೇಲಿನಿಂದ ಕೈ ಹಿಡಿಯಲು ಯಾರೂ ಇಲ್ಲ. ಹಾಗಾಗಿ ಮೇಲ್ಮೈ ಸದಾ ಕುಗ್ಗಲು ನೋಡುತ್ತದೆ, ಬಿಗಿಯಾಗಿರುತ್ತದೆ. ಇದನ್ನೇ ಮೇಲ್ಮೈ ಎಳೆತ ಎನ್ನುತ್ತೇವೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುದ್ಧ ನೀರಿಗೆ ಅದು ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಸೋಪು ಸೇರಿದರೆ 30ರ ಆಸುಪಾಸಿಗೆ ಇಳಿಯುತ್ತದೆ. ಕಡ್ಡಿ ಮುಟ್ಟಿಸಿದ ಕಡೆ ಬಿಗಿ ಸಡಿಲವಾಯಿತು, ಉಳಿದ ಕಡೆ ಬಿಗಿ ಹಾಗೇ ಇತ್ತು. ಆ ಬಿಗಿ ಎಣ್ಣೆಯನ್ನು ತನ್ನ ಕಡೆಗೆ ಎಳೆದುಕೊಂಡಿತು.

ಸೋಪಿನ ಕಣಕ್ಕೆ ಎರಡು ತುದಿ. ಒಂದು ತುದಿಗೆ ನೀರು ಇಷ್ಟ, ಉದ್ದನೆಯ ಬಾಲಕ್ಕೆ ಎಣ್ಣೆ ಇಷ್ಟ. ಕೆರೆಯ ದಂಡೆಯಲ್ಲಿ ಕಾಲು ಇಳಿಬಿಟ್ಟು ಕೂತ ಮಕ್ಕಳನ್ನು ನೆನೆಸಿಕೊಳ್ಳಿ. ಕಾಲು ನೀರಿನಲ್ಲಿ, ಮೈ ದಂಡೆಯ ಮೇಲೆ. ಸೋಪೂ ಹಾಗೇ, ಗಡಿಯ ಉದ್ದಕ್ಕೂ ಸಾಲಾಗಿ ಕೂರುತ್ತದೆ. ದಂಡೆ ತುಂಬಿದ ಮೇಲೆ ಬಂದವರಿಗೆ ಜಾಗ ಇಲ್ಲ. ಅವು ನೀರಿನೊಳಗೆ ತಮ್ಮಷ್ಟಕ್ಕೇ ಗುಂಪು ಕಟ್ಟಿಕೊಳ್ಳುತ್ತವೆ. ತಟ್ಟೆಯಲ್ಲಿ ಎರಡನೇ ಸಲ ಓಟ ಕಡಿಮೆಯಾಗಿದ್ದು ಇದಕ್ಕೇ. ದಂಡೆ ಆಗಲೇ ತುಂಬಿತ್ತು.

ಈಗ ಸಿಂಪಡಣೆಗೆ ಬನ್ನಿ. 5 ಮಿ.ಲೀ. ಎಣ್ಣೆ ಒಂದೇ ಉಂಡೆಯಾಗಿದ್ದರೆ ಅದರ ಮೇಲ್ಮೈ ಸುಮಾರು 14 ಚದರ ಸೆಂಟಿಮೀಟರ್. ಅದನ್ನೇ ಮಿಲಿಮೀಟರಿನ ನೂರನೇ ಒಂದು ಪಾಲಿನಷ್ಟು ಸಣ್ಣ ಹನಿಗಳಾಗಿ ಒಡೆದರೆ ಸುಮಾರು 950 ಕೋಟಿ ಹನಿಗಳಾಗುತ್ತವೆ. ಅವುಗಳ ಒಟ್ಟು ಮೇಲ್ಮೈ 3 ಚದರ ಮೀಟರ್, ಅಂದರೆ ಒಂದು ಚಿಕ್ಕ ಬಚ್ಚಲಮನೆಯ ನೆಲದಷ್ಟು. ಎರಡು ಸಾವಿರ ಪಟ್ಟು ಜಾಸ್ತಿ ಗಡಿ. ಅಷ್ಟಕ್ಕೂ ಸೋಪಿನ ಹೊದಿಕೆ ಬೇಕು. ಹೊದಿಕೆ ಸಿಗದ ಹನಿಗಳು ಪಕ್ಕದ ಹನಿಯೊಂದಿಗೆ ಕೂಡಿ ದೊಡ್ಡದಾಗುತ್ತವೆ, ಮೇಲೆ ಬರುತ್ತವೆ. ಐದನೇ ಗಿಡದ ಹತ್ತಿರ ನೀವು ಕಂಡಿದ್ದು ಅದನ್ನೇ.

ಹಂತ 2: ನೀರನ್ನು ಪರೀಕ್ಷಿಸಿ

ಎಣ್ಣೆಯನ್ನೂ ಸೋಪನ್ನೂ ಬೈಯುವ ಮೊದಲು ನೀರನ್ನು ನೋಡಿ. ನನ್ನ ಅನುಭವದಲ್ಲಿ ಅರ್ಧಕ್ಕೂ ಜಾಸ್ತಿ ಸೋಲು ಬೋರ್‌ವೆಲ್ ನೀರಿನಿಂದಲೇ.

ಬೇಳೆ ಬೇಗ ಬೇಯದ, ಬಕೆಟ್ಟಿನ ಅಂಚಿಗೆ ಬಿಳಿ ಕರೆ ಕಟ್ಟುವ ನೀರು ನಿಮ್ಮದಾದರೆ ಅದು ಗಡಸು ನೀರು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಜಾಸ್ತಿ. ಇವು ಸೋಪನ್ನು ಹಿಡಿದು ನೀರಿನಲ್ಲಿ ಕರಗದ ಬಿಳಿ ಜಿಡ್ಡಾಗಿ ಮಾಡುತ್ತವೆ. ಗಡಿಗೆ ಹೋಗಬೇಕಾದ ಸೋಪು ದಾರಿಯಲ್ಲೇ ಮುಗಿದುಹೋಯಿತು. ಆ ಜಿಡ್ಡು ಸುಮ್ನೆ ಇರುವುದೂ ಇಲ್ಲ, ನಾಜಲ್‌ನಲ್ಲಿ ಸಿಕ್ಕಿಕೊಳ್ಳುತ್ತದೆ.

ಪರೀಕ್ಷೆ ಸುಲಭ. ಬಾಟಲಿಗೆ ಅರ್ಧ ನೀರು ಹಾಕಿ. ಸೋಪಿನ ಚೂರು ಹಾಕಿ ಕುಲುಕಿ. ನೊರೆ ನಿಂತು ಕೆಳಗಿನ ನೀರು ಹೆಚ್ಚುಕಡಿಮೆ ತಿಳಿಯಾಗಿದ್ದರೆ ಮೆದು ನೀರು. ನೊರೆ ಬೇಗ ಸತ್ತು, ನೀರು ಕದಡಿ, ಮೇಲೆ ಬಿಳಿ ಚೂರು ತೇಲಿದರೆ ಗಡಸು ನೀರು. ಇದಕ್ಕೆ ನಿಜವಾದ ಸೋಪೇ ಬೇಕು. ಶಾಂಪೂ, ಪಾತ್ರೆ ತೊಳೆಯುವ ಲಿಕ್ವಿಡ್ ಗಡಸು ನೀರಿನಲ್ಲೂ ನೊರೆ ಕೊಡುತ್ತವೆ, ನಿಮಗೆ ತಪ್ಪು ಉತ್ತರ ಬರುತ್ತದೆ.

ಗಡಸು ನೀರಾದರೆ ಮೂರು ದಾರಿ. ಮಳೆನೀರು ಸಂಗ್ರಹಿಸಿ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಇಲ್ಲವಾದರೆ ಫಿಲ್ಟರ್ ನೀರು ಬಳಸಿ. ಅದಕ್ಕೆ ಆರ್‌ಓ ಫಿಲ್ಟರೇ ಆಗಬೇಕು, ಬರೀ ಕಸ ಸೋಸುವ ಫಿಲ್ಟರ್ ಸಾಲದು. ಅದೂ ಇಲ್ಲವಾದರೆ ಸೋಪನ್ನು ಬಿಟ್ಟು ಅಂಟುವಾಳಕ್ಕೆ ಹೋಗಿ. ನೀರನ್ನು ಕುದಿಸಿ ತಿಳಿ ಬಗ್ಗಿಸಿಕೊಂಡರೆ ಗಡಸುತನ ಸ್ವಲ್ಪ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ.

ಹಂತ 3: ಸೋಪು ಆರಿಸಿ

ಬಟ್ಟೆ ಒಗೆಯುವ ಪುಡಿ ಬೇಡವೇ ಬೇಡ. ಅದರಲ್ಲಿ ಸೋಡಾ ಇರುತ್ತದೆ, ಬಿಳುಪು ಕೊಡುವ ವಸ್ತುಗಳಿರುತ್ತವೆ. ಪಾತ್ರೆ ತೊಳೆಯುವ ಲಿಕ್ವಿಡ್ ಎಣ್ಣೆಯನ್ನು ಬಹಳ ಚೆನ್ನಾಗಿ ಒಡೆಯುತ್ತದೆ. ಆದರೆ ಎಲೆಯ ಮೇಲಿನ ಮೇಣದ ಪದರವೂ ಅದಕ್ಕೆ ಒಂದು ಜಿಡ್ಡೇ. ನನ್ನ ಒಂದು ಟ್ರೇ ಮೆಣಸಿನ ಸಸಿಗಳು ಎರಡೇ ದಿನದಲ್ಲಿ ಎಲೆ ಸುಟ್ಟುಕೊಂಡು ಸತ್ತದ್ದು ಇದರಿಂದ. ಬೀಜ ಮೊಳೆತಾಗಿನಿಂದ ನೋಡಿಕೊಂಡಿದ್ದ ಸಸಿಗಳು ಅವು. ಅವತ್ತಿನಿಂದ ನಾನು ಅದನ್ನು ಮುಟ್ಟಿಲ್ಲ.

ಮೆದು ನೀರಿದ್ದರೆ ಬಣ್ಣ, ವಾಸನೆ ಜಾಸ್ತಿ ಇಲ್ಲದ ಸಾದಾ ಸೋಪು ತೆಗೆದುಕೊಳ್ಳಿ. ಕವರಿನ ಮೇಲೆ ಟಿಎಫ್‌ಎಂ ಎಂಬ ಸಂಖ್ಯೆ ನೋಡಿ. ಅದು ಸೋಪಿನಲ್ಲಿರುವ ಕೊಬ್ಬಿನಂಶ. ಮೊದಲ ದರ್ಜೆಯ ಸ್ನಾನದ ಸೋಪಿಗೆ ಅದು ಕನಿಷ್ಠ ಶೇ 76 ಇರಬೇಕು. ‘ಬಾತಿಂಗ್ ಬಾರ್’ ಎಂದು ಬರೆದಿದ್ದರೆ ಪಕ್ಕಕ್ಕಿಡಿ. ಅದರಲ್ಲಿ ಸೋಪಿನ ಜೊತೆ ಬೇರೆ ತೊಳೆಯುವ ವಸ್ತುಗಳೂ ಇರಬಹುದು. ಗಿಡಗಳಿಗೆಂದೇ ಮಾರುವ ಪೊಟ್ಯಾಷಿಯಂ ಸೋಪು ಸಿಕ್ಕರೆ ಇನ್ನೂ ಸುಲಭ, ಅದು ನೀರಿನಲ್ಲಿ ಬೇಗ ಕರಗುತ್ತದೆ.

ಗಡಸು ನೀರಿಗೆ ಅಂಟುವಾಳವೇ ಸರಿ. ಸೋಪಿನ ಕಣದಲ್ಲಿ ನೀರು ಇಷ್ಟಪಡುವ ತುದಿಗೆ ಋಣ ವಿದ್ಯುತ್ತು ಇರುತ್ತದೆ. ಕ್ಯಾಲ್ಸಿಯಂ ಅದನ್ನು ಹಿಡಿಯುವುದೇ ಅದಕ್ಕೆ. ಅಂಟುವಾಳದಲ್ಲಿರುವ ಸಪೋನಿನ್‌ಗೆ ಆ ತುದಿಯಲ್ಲಿ ಸಕ್ಕರೆಯ ಸರಪಳಿ ಇರುತ್ತದೆ, ಕ್ಯಾಲ್ಸಿಯಂ ಅದರ ತಂಟೆಗೆ ಬರುವುದು ಕಡಿಮೆ. ಇನ್ನೊಂದು ಲಾಭವಿದೆ. ಬೇವಿನ ಅಜಾಡಿರಾಕ್ಟಿನ್ ಸೋಪಿನಂಥ ಕ್ಷಾರದಲ್ಲಿ ಬೇಗ ಹಾಳಾಗುತ್ತದೆ. ಅಂಟುವಾಳದ ನೀರು ತುಸು ಹುಳಿ, ಅದಕ್ಕೆ ಹಿತ.

ಬೀಜ ತೆಗೆದ ಕಾಯಿಗಳನ್ನು ಕಾಲು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಗ್ಗೆ ಚೆನ್ನಾಗಿ ಕಿವುಚಿ, ಬಟ್ಟೆಯಲ್ಲಿ ಎರಡು ಸಲ ಸೋಸಿ. ಆ ದಿನವೇ ಬಳಸಿ, ಇಟ್ಟರೆ ಹುಳಿ ವಾಸನೆ ಬರುತ್ತದೆ. ಕಣ್ಣಿಗೆ ಬಿದ್ದರೆ ಉರಿ ಜೋರು. ಸೋಪಿನಷ್ಟು ಸಣ್ಣ ಹನಿ ಇದರಲ್ಲಿ ಬರುವುದಿಲ್ಲ. ಹಾಗಾಗಿ ಹೊಡೆಯುವಾಗ ಆಗಾಗ ಅಲುಗಿಸುತ್ತಿರಬೇಕು.

ಎಣ್ಣೆ ಬೆರೆಸುವ ತಾಪತ್ರಯವೇ ಬೇಡ ಅನ್ನುವವರು ಸಿದ್ಧ ಬೇವಿನ ಸಾಬೂನು ತೆಗೆದುಕೊಳ್ಳಬಹುದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬೇವಿನ ಸಾಬೂನು ಮತ್ತು ಹೊಂಗೆ ಸಾಬೂನು ಎರಡನ್ನೂ ರೂಪಿಸಿದೆ. ಅವುಗಳಿಗೂ ಮೆದು ನೀರೇ ಬೇಕು ಎಂಬುದನ್ನು ಮರೆಯಬೇಡಿ.

ಹಂತ 4: ಎಣ್ಣೆಯನ್ನು ಬೆಚ್ಚಗೆ ಮಾಡಿ

ಡಿಸೆಂಬರ್ ಚಳಿಯಲ್ಲಿ ಬೇವಿನ ಎಣ್ಣೆ ತುಪ್ಪದಂತೆ ಹೆಪ್ಪುಗಟ್ಟುತ್ತದೆ. ಗಟ್ಟಿ ಎಣ್ಣೆ ಸಣ್ಣ ಹನಿಯಾಗಿ ಒಡೆಯುವುದಿಲ್ಲ. ಬಾಟಲಿಯನ್ನು ಕೈ ತಡೆಯುವಷ್ಟು ಬಿಸಿಯ ನೀರಿನಲ್ಲಿ ಹತ್ತು ನಿಮಿಷ ಇಡಿ. ಒಲೆಯ ಮೇಲೆ ಇಡಬೇಡಿ.

ಹಂತ 5: ಗಟ್ಟಿ ಹಾಲು ಮಾಡಿ

ಎಲ್ಲರೂ ತಪ್ಪುವ ಜಾಗ ಇದು. ಪೂರ್ತಿ 5 ಲೀಟರ್ ನೀರಿಗೆ ಎಣ್ಣೆ ಸುರಿದು ಮೇಲೆ ಸೋಪು ಹಾಕಿದರೆ, ಸೋಪು ಅಷ್ಟೂ ನೀರಿನಲ್ಲಿ ತೆಳುವಾಗಿ ಚದುರಿಹೋಗುತ್ತದೆ. ಎಣ್ಣೆಯ ಹತ್ತಿರ ಬೇಕಾದಷ್ಟು ಸಿಗುವುದಿಲ್ಲ. ಮೊದಲು ಕಡಿಮೆ ನೀರು, ಅದರಲ್ಲಿ ಸೋಪು, ಕೊನೆಗೆ ಎಣ್ಣೆ. ಈ ಕ್ರಮ ಬದಲಾಗಬಾರದು.

10 ಗ್ರಾಂ ಸೋಪನ್ನು 100 ಮಿ.ಲೀ. ಬಿಸಿನೀರಿನಲ್ಲಿ ಪೂರ್ತಿ ಕರಗಿಸಿ. ಒಂದು ಚೂರೂ ಉಳಿಯಬಾರದು. ಆರಿದರೆ ಲೋಳೆಯಂತೆ ಗಟ್ಟಿಯಾಗುತ್ತದೆ, ಆದ್ದರಿಂದ ಉಗುರುಬೆಚ್ಚಗಿರುವಾಗಲೇ ಮುಂದುವರಿಯಿರಿ. ಕಡಗೋಲು ತಿರುಗಿಸಲು ಶುರು ಮಾಡಿ. ಸಿರಿಂಜಿನಿಂದ ಎಣ್ಣೆಯನ್ನು ಒಂದೊಂದು ಮಿ.ಲೀ. ಬಿಡಿ. ಹಾಕಿದ್ದು ಕಾಣದಾದ ಮೇಲೆ ಮುಂದಿನದು. 25 ಮಿ.ಲೀ. ಮುಗಿಯಲು ಐದಾರು ನಿಮಿಷ ಬೇಕು. ಇಲ್ಲಿ ಅವಸರ ಮಾಡಿದರೆ ಆಮೇಲೆ ಸರಿಪಡಿಸುವುದು ಕಷ್ಟ. ಅಂಟುವಾಳವಾದರೆ ಆ ಕಾಲು ಲೀಟರ್ ನೀರಿಗೇ ಹೀಗೆ ಎಣ್ಣೆ ಬಿಡಿ.

ಮಜ್ಜಿಗೆ ಕಡೆದರೆ ಬೆಣ್ಣೆ ಬೇರೆಯಾಗುತ್ತದಲ್ಲ, ಇಲ್ಲಿ ಹೇಗೆ ಕೂಡುತ್ತದೆ ಎಂದು ಒಬ್ಬರು ಅಜ್ಜಿ ಕೇಳಿದ್ದರು. ಬಹಳ ಒಳ್ಳೆಯ ಪ್ರಶ್ನೆ. ಮೊಸರಿನ ಕೊಬ್ಬಿನ ಹನಿಗೂ ಒಂದು ತೆಳು ಹೊದಿಕೆ ಇರುತ್ತದೆ. ಕಡೆದಾಗ ಅದು ಹರಿದು ಹನಿಗಳು ಒಂದಕ್ಕೊಂದು ಅಂಟುತ್ತವೆ. ಇಲ್ಲಿ ಹನಿ ಒಡೆದ ಕೂಡಲೇ ಹೊಸ ಹೊದಿಕೆ ಕೊಡಲು ಸುತ್ತಲೂ ಸೋಪು ಕಾದಿರುತ್ತದೆ. ಹೊದ್ದ ಹನಿಗಳೆಲ್ಲ ಋಣ ವಿದ್ಯುತ್ತಿನವು, ಒಂದನ್ನೊಂದು ದೂರ ತಳ್ಳುತ್ತವೆ.

ಸರಿಯಾಗಿದ್ದರೆ ಪಾತ್ರೆಯಲ್ಲಿ ಚೂರು ಅರಿಶಿನ ಬೆರೆತ ಹಾಲಿನ ಬಣ್ಣ ಕಾಣುತ್ತದೆ. ಕಂದು ಗೆರೆಗಳು ಕಂಡರೆ ಎಣ್ಣೆ ಹಾಕುವುದು ನಿಲ್ಲಿಸಿ, ಕಡೆಯುವುದು ಮುಂದುವರಿಸಿ. ನೊರೆ ನೋಡಿ ಮೋಸ ಹೋಗಬೇಡಿ. ನೊರೆ ಅಂದರೆ ಗಾಳಿ ಮತ್ತು ನೀರಿನ ಗಡಿ. ನಮಗೆ ಬೇಕಾದ್ದು ಎಣ್ಣೆ ಮತ್ತು ನೀರಿನ ಗಡಿ.

ಹಂತ 6: ನೀರು ಸೇರಿಸಿ

ಗಟ್ಟಿ ಹಾಲಿಗೆ ಮೊದಲು ಒಂದು ಲೋಟ ನೀರು ಹಾಕಿ ಕಲಸಿ. ಮತ್ತೊಂದು ಲೋಟ. ಆಮೇಲೆ ಬಟ್ಟೆಯಲ್ಲಿ ಸೋಸುತ್ತಾ ಸ್ಪ್ರೇಯರ್‌ಗೆ ಸುರಿದು, ಉಳಿದ ನೀರು ತುಂಬಿ.

ನಿಂಬೆರಸ, ಹುಳಿ ಮಜ್ಜಿಗೆ, ವಿನೆಗರ್ ಇದಕ್ಕೆ ಸೇರಿಸಬೇಡಿ. ಹುಳಿ ಬಿದ್ದರೆ ಸೋಪು ಮತ್ತೆ ಕೊಬ್ಬಿನ ಆಮ್ಲವಾಗಿ ತಿರುಗುತ್ತದೆ, ಹೊದಿಕೆ ಹೋಗುತ್ತದೆ, ಎಣ್ಣೆ ಮೇಲೆ ಬರುತ್ತದೆ. ಮೈಲುತುತ್ತ ಮತ್ತು ಸುಣ್ಣ ಬೆರೆಸಿ ಮಾಡುವ ಬೋರ್ಡೋ ದ್ರಾವಣವೂ ಬೇಡ, ಅದರ ಸುಣ್ಣದಲ್ಲಿ ಕ್ಯಾಲ್ಸಿಯಂ ತುಂಬಿದೆ. ಗಂಧಕ ಹೊಡೆದ ಗಿಡಕ್ಕೆ ಎರಡು ವಾರ ಎಣ್ಣೆ ಹಾಕಬೇಡಿ. ಎರಡೂ ಸೇರಿದರೆ ಎಲೆ ಸುಡುತ್ತದೆ.

ಹಂತ 7: ಲೋಟದಲ್ಲಿ ಹತ್ತು ನಿಮಿಷ

ಸ್ಪ್ರೇಯರ್‌ನಿಂದ ಒಂದು ಲೋಟ ತೆಗೆದು ಬೆಳಕಿನಲ್ಲಿ ಇಡಿ. ಹತ್ತು ನಿಮಿಷ ಬಿಟ್ಟು ನೋಡಿ.

ಮೇಲೆ ತುಸು ದಪ್ಪನೆಯ ಬಿಳಿ ಪದರ ಕಂಡರೆ ಅದು ಕೆನೆ. ಹಾಲಿನಲ್ಲಿ ಬರುವುದಿಲ್ಲವೇ, ಹಾಗೆ. ಹನಿಗಳು ಮೇಲೆ ಬಂದಿವೆ, ಆದರೆ ಹೊದಿಕೆ ಇನ್ನೂ ಇದೆ. ಅಲುಗಿಸಿದರೆ ಮತ್ತೆ ಬೆರೆಯುತ್ತದೆ. ಧೈರ್ಯವಾಗಿ ಬಳಸಿ.

ಸಾರಿನ ಮೇಲೆ ತೇಲುವ ಎಣ್ಣೆಯಂತೆ ಹೊಳೆಯುವ ಕಂದು ಚುಕ್ಕೆಗಳು ಕಂಡರೆ ಹೊದಿಕೆ ಹರಿದಿದೆ. ಹನಿಗಳು ಕೂಡಿಬಿಟ್ಟಿವೆ. ಇದನ್ನು ಗಿಡಕ್ಕೆ ಹಾಕಬೇಡಿ. ಸುಮ್ನೆ ಸೋಪು ಸುರಿದು ಕುಲುಕಿದರೂ ಆಗದು. ಇನ್ನೊಂದು ಪಾತ್ರೆಯಲ್ಲಿ ಹೊಸ ಬೆಚ್ಚನೆಯ ಸೋಪುನೀರು ಮಾಡಿ. ತೇಲುವ ಎಣ್ಣೆಯನ್ನು ಚಮಚದಲ್ಲಿ ತೆಗೆದು ಹನಿಹನಿಯಾಗಿ ಅದಕ್ಕೆ ಕಡೆಯಿರಿ. ಹಳೆಯ ಸೋಪುನೀರನ್ನು ಬಿಟ್ಟುಬಿಡಿ, ಇಲ್ಲದಿದ್ದರೆ ಸೋಪು ಎರಡು ಪಟ್ಟಾಗುತ್ತದೆ. ಬಿಳಿ ಚೂರುಗಳು ತೇಲಿದರೆ ನೀರು ಗಡಸು, ಹಂತ 2ಕ್ಕೆ ಹಿಂತಿರುಗಿ.

ಹಂತ 8: ಎರಡು ಎಲೆಗೆ ಹಾಕಿ ಕಾಯಿರಿ

ಹೊಸ ಗಿಡಕ್ಕೆ ಮೊದಲ ಸಲ ಹೊಡೆಯುವಾಗ ಒಂದು ಲೀಟರಿನಷ್ಟೇ ಮಾಡಿ: ಎಣ್ಣೆ 5 ಮಿ.ಲೀ., ಸೋಪು 2 ಗ್ರಾಂ, ಬಿಸಿನೀರು 20 ಮಿ.ಲೀ. ಇಷ್ಟು ಕಡಿಮೆಗೆ ಕಡಗೋಲು ಸಿಗದು, ಮುಚ್ಚಳದ ಚಿಕ್ಕ ಬಾಟಲಿಯಲ್ಲಿ ಕುಲುಕಿ. ಎರಡು ಮೂರು ಎಲೆಗೆ ಹೊಡೆದು 48 ಗಂಟೆ ಕಾಯಿರಿ. ಉಳಿದದ್ದನ್ನು ಇಟ್ಟುಕೊಳ್ಳಬೇಡಿ. ಆ ದಿನ ಮಾಡಿದ್ದು ಆ ದಿನಕ್ಕೆ.

ಎಲೆಯ ತುದಿ, ಅಂಚು ಕಂದಾದರೆ ಅಥವಾ ಹನಿ ನಿಂತ ಕಡೆ ಕಲೆಯಾದರೆ ಎಣ್ಣೆ, ಸೋಪು ಎರಡನ್ನೂ ಅರ್ಧಕ್ಕೆ ಇಳಿಸಿ ಮತ್ತೆ ಪರೀಕ್ಷಿಸಿ. ಎಳೆ ಸಸಿಗಳಿಗೆ ಶುರುವಿನಿಂದಲೇ ಅರ್ಧ ಪ್ರಮಾಣ. ಬಾಡಿದ ಗಿಡಕ್ಕೆ ಮೊದಲು ನೀರು ಕೊಡಿ, ಮಾರನೇ ದಿನ ಸಿಂಪಡಿಸಿ.

ಹಂತ 9: ಸಿಂಪಡಿಸುವುದು

ಹೊತ್ತು ಇಳಿದ ಮೇಲೆ ಹೊಡೆಯಿರಿ. ಬಿಸಿಲಿಗೆ ಎಲೆ ಸುಡುವುದಷ್ಟೇ ಅಲ್ಲ, ಅಜಾಡಿರಾಕ್ಟಿನ್ ಕೂಡ ಬಿಸಿಲಿನಲ್ಲಿ ಹಾಳಾಗುತ್ತದೆ. ಜೇನುನೊಣಗಳೂ ಆಗ ಗೂಡು ಸೇರಿರುತ್ತವೆ. ಹೂವಿನ ಮೇಲೆ ಹೊಡೆಯಬೇಡಿ.

ಹಿಟ್ಟು ತಿಗಣೆ, ಬಿಳಿ ನೊಣ, ಗಿಡಹೇನು ಇರುವುದು ಜಾಸ್ತಿ ಎಲೆಯ ಅಡಿಯಲ್ಲಿ. ನಾಜಲ್ ಕೆಳಗಿನಿಂದ ಮೇಲಕ್ಕೆ ಇರಲಿ. ಗಡಿಯ ಕೆಲಸ ಇಲ್ಲೂ ಇದೆ. ಬರೀ ನೀರು ಕೋಸಿನ ಎಲೆಯ ಮೇಲೆ, ಹಿಟ್ಟು ತಿಗಣೆಯ ಬಿಳಿ ಮೇಣದ ಮೇಲೆ, ಕೆಸುವಿನ ಎಲೆಯ ಮೇಲಿನ ನೀರಿನಂತೆ ಉರುಳಿ ಹೋಗುತ್ತದೆ. ಎಳೆತ ಕಡಿಮೆಯಾದ ಹನಿ ಚಪ್ಪಟೆಯಾಗಿ ಹರಡಿ ಹುಳುವಿನ ಮೈ ಮುಟ್ಟುತ್ತದೆ. ಮಲೆನಾಡಿನ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವಾಗ ರಾಳ ಮತ್ತು ಸೋಡಾ ಕುದಿಸಿದ ಅಂಟು ಸೇರಿಸುವುದುಂಟು. ಅದೂ ಒಂದು ಬಗೆಯ ಸೋಪೇ. ಆದರೆ ಅಲ್ಲಿ ಅದರ ಕೆಲಸ ಎಣ್ಣೆ ಬೆರೆಸುವುದಲ್ಲ, ಮಳೆಗೆ ಔಷಧಿ ತೊಳೆದುಹೋಗದಂತೆ ಹಿಡಿದಿಡುವುದು.

ಎಲೆ ಒದ್ದೆಯಾಗಿ, ತೊಟ್ಟಿಕ್ಕಲು ಶುರುವಾಗುವ ಮೊದಲೇ ಮುಂದಿನ ಗಿಡಕ್ಕೆ ಹೋಗಿ. ಪ್ರತಿ ಎರಡು ಗಿಡಕ್ಕೊಮ್ಮೆ ಸ್ಪ್ರೇಯರ್ ಅಲುಗಿಸಿ. ಅರ್ಧ ಗಂಟೆಯಲ್ಲಿ ಮುಗಿಸಲು ನೋಡಿ. ಮೊಟ್ಟೆಗಳಿಂದ ಹೊಸ ಮರಿ ಬರುವುದರಿಂದ ಏಳರಿಂದ ಹತ್ತು ದಿನಕ್ಕೊಮ್ಮೆ, ಒಟ್ಟು ಮೂರು ಸಲ ಹೊಡೆಯಬೇಕಾಗುತ್ತದೆ.

ಹಂತ 10: ತೊಳೆಯುವುದು

ಸ್ಪ್ರೇಯರ್ ಅನ್ನು ಅದೇ ಸಂಜೆ ತೊಳೆಯಿರಿ. ಮೊದಲು ಬೆಚ್ಚನೆಯ ಸೋಪುನೀರು ತುಂಬಿ ನಾಜಲ್ ಮೂಲಕ ಹೊಡೆಯಿರಿ, ಆಮೇಲೆ ಬರೀ ನೀರು. ನಾಜಲ್ ಬಿಚ್ಚಿ ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ಉಜ್ಜಿ, ಬುಡಮೇಲಾಗಿ ಒಣಗಿಸಿ. ಒಳಗೆ ಎಣ್ಣೆ ಉಳಿದರೆ ವಾಷರ್ ಜಿಗುಟಾಗುತ್ತದೆ.

ತೊಳೆದ ನೀರನ್ನು ಕೆರೆ, ಬಾವಿ, ಮೀನಿನ ತೊಟ್ಟಿಯ ಹತ್ತಿರ ಚೆಲ್ಲಬೇಡಿ. ಅಂಟುವಾಳದ ನೀರಂತೂ ಮೀನಿಗೆ ವಿಷ. ಗಿಡಗಳಿಲ್ಲದ ಒಣ ಮಣ್ಣಿನ ಮೂಲೆಯಲ್ಲಿ ಹಾಕಿ.